ವಯಸ್ಸಿನ ಲೆಕ್ಕ

ಒಬ್ಬರಿಗೆ ದೊಡ್ಡ ಕಾಯಿಲೆ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ಬಂಧುಬಳಗದವರು ಕೇಳುವ ಮೊದಲ ಪ್ರಶ್ನೆ "ವಯಸ್ಸೆಷ್ಟು?" ಎಂಬುದು. ಎಂಬತ್ತು ಎಂದರೆ, "ತುಂಬು ಬಾಳು ಬಾಳಿದ ಜೀವ, ಇನ್ನು ಈ ವಯಸ್ಸಿನಲ್ಲಿ ಕತ್ತರಿ ಚಾಕುಗಳ ಹಿಂಸೆ ಏಕೆ?" ಎಂದು ನಿಟ್ಟುಸಿರು ಬಿಡುತ್ತಾರೆ. ಮೂವತ್ತು ಎಂದರೆ, "ಹರೆಯದ ಮೈ, ಹೇಗೂ ತಡೆದುಕೊಳ್ಳುತ್ತದೆ" ಎಂದು ಧೈರ್ಯ ತಂದುಕೊಳ್ಳುತ್ತಾರೆ. ಈ ಎರಡು ಮಾತುಗಳಲ್ಲಿಯೂ ಲೋಕಾನುಭವ ಉಂಟು. ಆದರೆ ಲೋಕಾನುಭವವೆಲ್ಲವೂ ಪೂರ್ಣ ಸತ್ಯವಲ್ಲ. ಬಾಯಿ, ಗಂಟಲು, ಕೊರಳುಗಳಿಗೆ ಬರುವ ಕ್ಯಾನ್ಸರ್ ರೋಗದಲ್ಲಿ ರೋಗಿಯ ವಯಸ್ಸಿಗೂ ಅವನ ಉಳಿವಿಗೂ ಇರುವ ನಂಟನ್ನು ವೈದ್ಯವಿಜ್ಞಾನವು ಹಲವು ದಶಕಗಳಿಂದ ತೂಗಿ ನೋಡುತ್ತ ಬಂದಿದೆ. ಆ ತಕ್ಕಡಿಯಲ್ಲಿ ಮೇಲಿನ ಎರಡು ಮಾತುಗಳೂ ಅರ್ಧದಷ್ಟೇ ತೂಗುತ್ತವೆ.

ದೇಹದ ಯಾವುದೋ ಒಂದು ಎಡೆಯಲ್ಲಿ ಜೀವಕೋಶಗಳು ತಮ್ಮ ಮಿತಿಯನ್ನು ಮರೆತು, ಅಂಕೆಯಿಲ್ಲದೆ ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆಯತೊಡಗಿ, ಸುತ್ತಣ ಅಂಗಾಂಶಗಳನ್ನು ಆಕ್ರಮಿಸುವುದೇ ಕ್ಯಾನ್ಸರ್. ಗ್ರೀಸಿನ ಪ್ರಾಚೀನ ವೈದ್ಯನಾದ ಹಿಪೊಕ್ರೇಟಿಸನ ಕಾಲದಿಂದಲೂ ಈ ರೋಗಕ್ಕೆ ಏಡಿಯ ಹೆಸರು ಅಂಟಿಕೊಂಡಿದೆ. ಕನ್ನಡದಲ್ಲಿಯೂ ಇದನ್ನು ಏಡಿಗಂತಿ ಎಂದು ಕರೆಯುವುದುಂಟು. ತುಟಿ, ನಾಲಿಗೆ, ಕೆನ್ನೆಯ ಒಳಭಾಗ, ವಸಡು, ಅಂಗುಳ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಗಣ ಕುಹರಗಳು, ಜೊಲ್ಲುಗ್ರಂಥಿಗಳು – ಇವುಗಳಲ್ಲಿ ಹುಟ್ಟುವ ಏಡಿಗಂತಿಗಳನ್ನು ಒಟ್ಟಾಗಿ ತಲೆ ಮತ್ತು ಕೊರಳಿನ ಕ್ಯಾನ್ಸರ್ ಎನ್ನುತ್ತಾರೆ. ಮಿದುಳಿನ ಗಂತಿಗಳನ್ನು ಈ ಗುಂಪಿಗೆ ಸೇರಿಸುವುದಿಲ್ಲ. ಮನುಷ್ಯನು ಉಣ್ಣುವುದು, ಉಸಿರಾಡುವುದು, ಮಾತನಾಡುವುದು, ನಗುವುದು ಎಲ್ಲವೂ ಈ ಅಂಗೈಯಗಲದ ಪ್ರದೇಶದಲ್ಲಿಯೇ. ಆದುದರಿಂದ ಇಲ್ಲಿ ಬರುವ ವ್ಯಾಧಿಯು ಪ್ರಾಣವನ್ನು ಮಾತ್ರವಲ್ಲದೆ, ಪ್ರಾಣವಿರುವಷ್ಟು ಕಾಲ ಬದುಕಿನ ಸೊಗಸನ್ನೂ ಕಸಿಯಬಲ್ಲುದು.

ಈ ರೋಗಕ್ಕೆ ತುತ್ತಾದ ಮೂವರು ಪ್ರಸಿದ್ಧರ ಬಾಳನ್ನು ನೋಡಬಹುದು. ರಾಮಕೃಷ್ಣ ಪರಮಹಂಸರಿಗೆ 1885ರಲ್ಲಿ ಗಂಟಲಿನ ವ್ಯಾಧಿ ಕಾಣಿಸಿಕೊಂಡಿತು. ಕಲ್ಕತ್ತೆಯ ಹೆಸರಾಂತ ವೈದ್ಯ ಮಹೇಂದ್ರಲಾಲ್ ಸರ್ಕಾರರು ಶ್ರದ್ಧೆಯಿಂದ ಉಪಚರಿಸಿದರು. ಆದರೂ 1886ರ ಆಗಸ್ಟ್ 16ರಂದು, 50ನೆಯ ವಯಸ್ಸಿನಲ್ಲಿ, ಪರಮಹಂಸರು ದೇಹತ್ಯಾಗ ಮಾಡಿದರು. ಕ್ಷಕಿರಣ ಕಂಡುಬಂದದ್ದು 1895ರಲ್ಲಿ, ರೇಡಿಯಂ ದೊರೆತದ್ದು 1898ರಲ್ಲಿ. ಅಂದಿನ ವೈದ್ಯನ ಕೈಯಲ್ಲಿ ಈ ಎರಡು ಆಯುಧಗಳೂ ಇರಲಿಲ್ಲ.

ಎರಡನೆಯವನು ಜರ್ಮನಿಯ ಯುವರಾಜ ಫ್ರೆಡರಿಕ್. 1887ರ ಮೊದಲ ತಿಂಗಳಲ್ಲಿ ಅವನ ಧ್ವನಿ ಒಡೆಯಿತು. ಜರ್ಮನ್ ವೈದ್ಯರು ಕ್ಯಾನ್ಸರನ್ನು ಶಂಕಿಸಿ ಶಸ್ತ್ರಚಿಕಿತ್ಸೆಗೆ ಸಿದ್ಧರಾದರು. ಇಂಗ್ಲೆಂಡಿನಿಂದ ಬಂದ ಗಂಟಲು ತಜ್ಞ ಮೊರೆಲ್ ಮೆಕೆಂಜಿ, ಮೊದಲು ಗಂತಿಯ ಚೂರನ್ನು ತೆಗೆದು ಪರೀಕ್ಷಿಸಬೇಕೆಂದನು. ಆ ಚೂರಿನಲ್ಲಿ ಮಹಾವಿಜ್ಞಾನಿ ವಿರ್ಕೋಗೆ ರೋಗದ ಗುರುತು ಕಾಣಲಿಲ್ಲ. ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟರು. ನವೆಂಬರ್ ತಿಂಗಳಲ್ಲಿ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಆದರೆ ಆ ವೇಳೆಗೆ ಸಮಯ ಮೀರಿತ್ತು. 1888ರ ಫೆಬ್ರವರಿಯಲ್ಲಿ ಉಸಿರಾಟಕ್ಕಾಗಿ ಕೊರಳಿನಲ್ಲಿ ರಂಧ್ರ ಮಾಡಬೇಕಾಯಿತು. ಮಾರ್ಚ್ 9ರಂದು ಅವನು ಚಕ್ರವರ್ತಿಯಾದಾಗ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಚೀಟಿಗಳಲ್ಲಿ ಬರೆದು ತನ್ನ ಇಚ್ಛೆಯನ್ನು ತಿಳಿಸುತ್ತಿದ್ದನು. ತೊಂಬತ್ತೊಂಬತ್ತು ದಿನ ಆಳಿ, ಜೂನ್ 15ರಂದು, 56ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಮೂರನೆಯವರು ವಿಯೆನ್ನಾ ನಗರದ ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್. ಚುಟ್ಟದ ಚಟ ಅವರನ್ನು ಬಿಟ್ಟಿರಲಿಲ್ಲ. 1923ರಲ್ಲಿ, ಬಾಳಿನ ಅರುವತ್ತೇಳನೆಯ ವರ್ಷದಲ್ಲಿ, ಅಂಗುಳ ಮತ್ತು ದವಡೆಯ ಭಾಗದಲ್ಲಿ ಏಡಿಗಂತಿ ಕಾಣಿಸಿಕೊಂಡಿತು. ಅದೇ ವರ್ಷ ಹಾನ್ಸ್ ಪಿಕ್ಲರ್ ಎಂಬ ಶಸ್ತ್ರವೈದ್ಯನು ರೋಗದ ಭಾಗವನ್ನು ಅಗಲವಾಗಿ ತೆಗೆದುಹಾಕಿದನು. ಬಾಯಿಗೂ ಮೂಗಿಗೂ ನಡುವೆ ಕೃತಕ ತಡೆಯೊಂದನ್ನು ಅಳವಡಿಸಿಕೊಂಡು, ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಸಹಿಸಿಕೊಂಡು, ಅವರು ಇನ್ನೂ ಹದಿನಾರು ವರ್ಷ ಬದುಕಿದರು. ರೋಗಿಗಳನ್ನು ನೋಡುವುದನ್ನಾಗಲಿ ಗ್ರಂಥಗಳನ್ನು ಬರೆಯುವುದನ್ನಾಗಲಿ ಬಿಡಲಿಲ್ಲ. 1939ರಲ್ಲಿ ಲಂಡನ್ನಿನಲ್ಲಿ ಅವರು ಕಣ್ಣು ಮುಚ್ಚಿದಾಗ 83 ವರ್ಷ ತುಂಬಿತ್ತು.

ವಯಸ್ಸೊಂದೇ ಆಯುಷ್ಯವನ್ನು ನಿರ್ಣಯಿಸುವುದಾಗಿದ್ದರೆ ಈ ಮೂವರ ಕಥೆ ಹೀಗಿರುತ್ತಿರಲಿಲ್ಲ. ಎಲ್ಲರಿಗಿಂತ ಹಿರಿಯ ವಯಸ್ಸಿನಲ್ಲಿ ರೋಗಿಯಾದವರು ಎಲ್ಲರಿಗಿಂತ ದೀರ್ಘಕಾಲ ಉಳಿದರು. ಗಂತಿ ಹುಟ್ಟಿದ ಎಡೆ, ಅದನ್ನು ಗುರುತಿಸಿದ ಹೊತ್ತು, ದೊರೆತ ಚಿಕಿತ್ಸೆ, ಬದುಕಿದ್ದ ಕಾಲ – ಇವೆಲ್ಲವೂ ವಯಸ್ಸಿನೊಡನೆ ಸೇರಿ ಕೆಲಸ ಮಾಡಿದವು. ಆದರೆ ಮೂವರ ಬಾಳು ಕಥೆಯಾಗಬಹುದೇ ಹೊರತು ವಿಜ್ಞಾನವಾಗದು. ವಿಜ್ಞಾನಕ್ಕೆ ಸಾವಿರಾರು ಜನರ ಲೆಕ್ಕ ಬೇಕು. ಇಂಥ ಲೆಕ್ಕವನ್ನಿಡುವುದಕ್ಕಾಗಿಯೇ ಭಾರತದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವು ಆರಂಭವಾಯಿತು. 1982ರಿಂದ ಬೆಂಗಳೂರು, ಮುಂಬಯಿ, ಮದರಾಸು ನಗರಗಳಲ್ಲಿ ಹೊಸ ರೋಗಿಗಳ ದಾಖಲೆಯನ್ನು ಕ್ರಮವಾಗಿ ಬರೆಯತೊಡಗಿದರು. ಬೆಂಗಳೂರಿನಲ್ಲಿ ಈ ಕಾರ್ಯವು 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯ ಪಾಲಿಗೆ ಬಂದಿತು.

ದಾಖಲೆಗಳನ್ನು ಮೇಲುಮೇಲಕ್ಕೆ ನೋಡಿದರೆ, ವಯಸ್ಸಾದವರಲ್ಲಿ ಉಳಿಯುವವರ ಪ್ರಮಾಣ ಕಡಿಮೆ ಎಂದು ತೋರುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಎಪ್ಪತ್ತೈದು ದಾಟಿದವರು ಹೃದ್ರೋಗದಿಂದಲೋ ಶ್ವಾಸಕೋಶದ ಬೇನೆಯಿಂದಲೋ ತೀರಿಕೊಳ್ಳುವುದು ಸಹಜ. ಆ ಸಾವುಗಳನ್ನೆಲ್ಲ ಕ್ಯಾನ್ಸರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಉದಾಹರಣೆಯನ್ನು ಭಾವಿಸೋಣ. ನೂರು ಮಂದಿ ಎಳೆಯ ರೋಗಿಗಳಲ್ಲಿ ಐದು ವರ್ಷಗಳ ಬಳಿಕ 60 ಮಂದಿ ಬದುಕಿದ್ದಾರೆ. ನೂರು ಮಂದಿ ಮುದುಕರಲ್ಲಿ 48 ಮಂದಿ ಬದುಕಿದ್ದಾರೆ. ಮುದುಕರ ಗತಿ ಬಹಳ ಹೀನವೆಂದು ಕಾಣುತ್ತದೆ. ಆದರೆ ಅದೇ ವಯಸ್ಸಿನ, ಈ ರೋಗವಿಲ್ಲದ ನೂರು ಮುದುಕರಲ್ಲಿಯೂ ಐದು ವರ್ಷಗಳ ಬಳಿಕ 80 ಮಂದಿ ಮಾತ್ರವೇ ಉಳಿದಿರುತ್ತಾರೆ ಎಂದಿಟ್ಟುಕೊಂಡರೆ, 48ನ್ನು ಹೋಲಿಸಬೇಕಾದದ್ದು ನೂರಕ್ಕಲ್ಲ, 80ಕ್ಕೆ. 80ರಲ್ಲಿ 48 ಎಂದರೆ ನೂರಕ್ಕೆ 60. ಎಳೆಯರ ಗುಂಪಿನಲ್ಲಿ, ರೋಗವಿಲ್ಲದಿದ್ದರೆ ಹೆಚ್ಚುಕಡಿಮೆ ನೂರಕ್ಕೆ ನೂರು ಮಂದಿಯೂ ಉಳಿಯುತ್ತಿದ್ದರು. ಅಲ್ಲಿಯೂ ಬಂದದ್ದು 60. ಈ ಉದಾಹರಣೆಯಲ್ಲಿ ಕಂಡ ಅಂತರವೆಲ್ಲವೂ ವೃದ್ಧಾಪ್ಯದ್ದೇ ಹೊರತು ಕ್ಯಾನ್ಸರಿನದ್ದಲ್ಲ. ಸಂಖ್ಯಾಶಾಸ್ತ್ರಜ್ಞರು ಇದನ್ನು ಸಾಪೇಕ್ಷ ಉಳಿವು ಎಂದು ಕರೆಯುತ್ತಾರೆ.

ನಿಜವಾದ ದಾಖಲೆಗಳನ್ನು ಹೀಗೆ ಶೋಧಿಸಿದಾಗ ಅಂತರ ಕಿರಿದಾಗುತ್ತದೆ. ಆದರೆ ಪೂರ್ತಿಯಾಗಿ ಅಳಿಸಿಹೋಗುವುದಿಲ್ಲ. ಉಳಿದ ಅಂತರಕ್ಕೆ ಕಾರಣಗಳನ್ನು ಹುಡುಕಬೇಕಾಗುತ್ತದೆ. ಅವುಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು, ದೇಹದ ಮೀಸಲು ಬಲ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಪ್ರಕೃತಿಯು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಶಕ್ತಿಯನ್ನು ಕೂಡಿಟ್ಟಿರುತ್ತದೆ. ಕಣಜದಲ್ಲಿ ಕೂಡಿಟ್ಟ ಧಾನ್ಯ ಬರಗಾಲಕ್ಕೆ ಒದಗುವಂತೆ ಈ ಶಕ್ತಿ ಕಾಯಿಲೆಯ ಕಾಲಕ್ಕೆ ಒದಗುತ್ತದೆ. ವಯಸ್ಸಾದಂತೆ ಕಣಜ ಬರಿದಾಗುತ್ತದೆ. ಕೊರಳಿನ ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ಏಳು ವಾರ ನಡೆಯುತ್ತದೆ. ಬಾಯಿ ಹುಣ್ಣಾಗಿ ತುತ್ತು ಇಳಿಯದಾಗುತ್ತದೆ, ತೂಕ ಇಳಿಯುತ್ತದೆ. ಅದರೊಡನೆ ಕೊಡುವ ಸಿಸ್ಪ್ಲಾಟಿನ್ ಎಂಬ ಔಷಧಿಯು ಮೂತ್ರಪಿಂಡಕ್ಕೂ ಶ್ರವಣಶಕ್ತಿಗೂ ಹಾನಿ ಮಾಡಬಲ್ಲುದು. ಹರೆಯದವನು ಈ ಹೊರೆಯನ್ನು ಹೊತ್ತು ದಾಟಿದರೆ, ಮುದುಕನು ನಡುದಾರಿಯಲ್ಲಿ ಕುಸಿಯಬಹುದು.

ಎರಡನೆಯದು, ಜೊತೆಗಿರುವ ಇತರ ಕಾಯಿಲೆಗಳು. ಬಾಯಿ ಗಂಟಲುಗಳನ್ನು ಕೆಡಿಸಿದ ಅದೇ ತಂಬಾಕು, ಅದೇ ಮದ್ಯ, ರೋಗಿಯ ಹೃದಯವನ್ನೂ ಶ್ವಾಸಕೋಶವನ್ನೂ ಯಕೃತ್ತನ್ನೂ ಬಿಟ್ಟಿರುವುದಿಲ್ಲ. ಹೀಗಾಗಿ ಚಿಕಿತ್ಸೆಯನ್ನು ಗೆದ್ದ ರೋಗಿಯನ್ನು ಬೇರೊಂದು ವ್ಯಾಧಿ ಕೊಂಡೊಯ್ಯುವುದುಂಟು.

ಮೂರನೆಯದು ಬಹಳ ಗಂಭೀರವಾದುದು. ವಯಸ್ಸಾದವರಿಗೆ ಎಷ್ಟೋ ವೇಳೆ ಪೂರ್ಣ ಚಿಕಿತ್ಸೆಯೇ ದೊರೆಯುವುದಿಲ್ಲ. "ಈ ವಯಸ್ಸಿನಲ್ಲಿ ಏಕೆ?" ಎಂದು ಮನೆಯವರು ಹಿಂಜರಿಯುತ್ತಾರೆ, "ಮಕ್ಕಳಿಗೆ ಹೊರೆಯಾಗಬಾರದು" ಎಂದು ರೋಗಿಯೇ ಬೇಡವೆನ್ನುತ್ತಾನೆ, ಒಮ್ಮೊಮ್ಮೆ ವೈದ್ಯನೂ ಜನ್ಮವರ್ಷವನ್ನು ನೋಡಿಯೇ ಕೈ ಹಿಡಿತ ಮಾಡುತ್ತಾನೆ. ಕಡಿಮೆ ಚಿಕಿತ್ಸೆಯಿಂದ ಕಡಿಮೆ ಫಲ ದೊರೆತಾಗ ಜನರು ದೂಷಿಸುವುದು ಮಾತ್ರ ವಯಸ್ಸನ್ನು. ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂದು ವೃದ್ಧಾಪ್ಯವನ್ನು ಕುರಿತು ಗಾದೆಯಿದೆ. ಕಾಡು ಕರೆಯುವುದಕ್ಕೆ ಮೊದಲೇ ಊರು ಅಟ್ಟಿಬಿಡುವುದು ಅನ್ಯಾಯವಲ್ಲವೇ?

ಹಾಗೆಂದು ಎಲ್ಲ ವಯಸ್ಸಿನವರಿಗೂ ಒಂದೇ ಅಳತೆಯ ಅಂಗಿ ಹೊಲಿಸುವುದೂ ತರವಲ್ಲ. 2009ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯು 93 ಪ್ರಯೋಗಗಳ, 17 ಸಾವಿರಕ್ಕೂ ಮಿಕ್ಕ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿತು. ವಿಕಿರಣದ ಜೊತೆಜೊತೆಗೇ ಔಷಧಿಯನ್ನೂ ಕೊಟ್ಟಾಗ, ಐದು ವರ್ಷಗಳ ಬಳಿಕ ಬದುಕಿರುವವರ ಪ್ರಮಾಣ ನೂರಕ್ಕೆ ಆರೂವರೆಯಷ್ಟು ಹೆಚ್ಚಿತು. ಆದರೆ ವಯಸ್ಸು ಏರಿದಂತೆ ಈ ಲಾಭ ಇಳಿಯುತ್ತ ಹೋಗಿ, ಎಪ್ಪತ್ತು ದಾಟಿದವರಲ್ಲಿ ಕಾಣದಂತಾಯಿತು. ಹೆಚ್ಚು ಔಷಧಿಯೇ ಎಲ್ಲರಿಗೂ ಹೆಚ್ಚು ಹಿತವೆಂಬ ನಂಬಿಕೆಗೆ ಇದು ಅಂಕುಶ. ಸಿಸ್ಪ್ಲಾಟಿನನ್ನು ತಾಳಲಾರದವರಿಗೆ ಬೇರೆ ದಾರಿಯನ್ನು ಹುಡುಕಿದವರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರೂ ಸೇರಿದ್ದಾರೆ. ಅಂಥ ರೋಗಿಗಳಿಗೆ ವಿಕಿರಣದೊಡನೆ ಡೋಸಿಟ್ಯಾಕ್ಸೆಲ್ ಎಂಬ ಔಷಧಿಯನ್ನು ಕೊಟ್ಟು ನೋಡಿದ ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ ಬದುಕಿದ್ದವರ ಪ್ರಮಾಣವು ಬರಿಯ ವಿಕಿರಣ ಪಡೆದವರಲ್ಲಿ ನೂರಕ್ಕೆ ಸುಮಾರು 42. ಔಷಧಿಯನ್ನೂ ಪಡೆದವರಲ್ಲಿ ಸುಮಾರು 51.

ಈ ಎಲ್ಲ ಅನುಭವದಿಂದ ವೈದ್ಯರು ಒಂದು ವಿವೇಕವನ್ನು ಕಲಿತಿದ್ದಾರೆ. ಪಂಚಾಂಗದ ವಯಸ್ಸು ಬೇರೆ, ಮೈಯ ವಯಸ್ಸು ಬೇರೆ. ಎಪ್ಪತ್ತೆಂಟರಲ್ಲಿಯೂ ತೋಟ ಸುತ್ತಿ ಬರುವ ರೈತನಿದ್ದಾನೆ. ಐವತ್ತೈದಕ್ಕೇ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವ ನಗರವಾಸಿಯಿದ್ದಾನೆ. ಆದುದರಿಂದ ಚಿಕಿತ್ಸೆಯನ್ನು ನಿರ್ಧರಿಸುವ ಮೊದಲು ವೃದ್ಧ ರೋಗಿಯ ನಡಿಗೆ ಹೇಗಿದೆ, ತೂಕ ಇಳಿದಿದೆಯೆ, ಜ್ಞಾಪಕಶಕ್ತಿ ಸರಿಯಾಗಿದೆಯೆ, ಬೇರೆ ಯಾವ ಕಾಯಿಲೆಗಳಿವೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬುದನ್ನೆಲ್ಲ ವಿಚಾರಿಸುವ ಪದ್ಧತಿ ಬೆಳೆದುಬಂದಿದೆ. ದೇಹಬಲವುಳ್ಳ ವೃದ್ಧನಿಗೆ ಶಸ್ತ್ರಚಿಕಿತ್ಸೆಯನ್ನೋ ವಿಕಿರಣವನ್ನೋ ಅಳುಕದೆ ಪೂರ್ಣವಾಗಿ ಕೊಡಬಹುದು. ಬಲಹೀನನಿಗೆ ನೋವನ್ನು ತಗ್ಗಿಸಿ ನೆಮ್ಮದಿಯನ್ನು ಕೊಡುವುದೇ ಉತ್ತಮ ಚಿಕಿತ್ಸೆಯಾಗಬಹುದು. ಇವೆರಡರಲ್ಲಿ ಯಾವುದು ಬೇಕೆಂದು ಹೇಳುವ ಹಕ್ಕು ರೋಗಿಗೂ ಇದೆ. ಅವನನ್ನು ಕೇಳದೆ ಮನೆಯವರು ಹಿಂದೆ ನಿಂತು ತೀರ್ಮಾನಿಸುವುದು ಪ್ರೀತಿಯಂತೆ ಕಂಡರೂ ಪ್ರೀತಿಯಲ್ಲ.

ಇನ್ನು ಎಳೆಯರ ವಿಷಯ. ನಲವತ್ತೈದರ ಒಳಗಿನವರಲ್ಲಿ ನಾಲಿಗೆಯ ಕ್ಯಾನ್ಸರ್ ಕಾಣಿಸಿಕೊಂಡರೆ ಅದು ಹೆಚ್ಚು ಉಗ್ರವಾದುದೆಂದು ಹಿಂದೆ ಅನೇಕರು ನಂಬಿದ್ದರು. ಆದರೆ ರೋಗದ ಹಂತ, ಚಿಕಿತ್ಸೆಗಳು ಸಮನಾಗಿರುವ ಎಳೆಯರನ್ನೂ ಹಿರಿಯರನ್ನೂ ಜೋಡಿ ಮಾಡಿ ಹೋಲಿಸಿದಾಗ, ಅನೇಕ ಅಧ್ಯಯನಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಂಡುಬರಲಿಲ್ಲ. ಯೌವನವು ಈ ರೋಗದಲ್ಲಿ ಶಾಪವೂ ಅಲ್ಲ, ಕವಚವೂ ಅಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಅಲ್ಲಿನ ಗಂಟಲು ಕ್ಯಾನ್ಸರುಗಳಲ್ಲಿ ದೊಡ್ಡ ಪಾಲು ಮಾನವ ಪ್ಯಾಪಿಲೋಮಾ ಎಂಬ ವೈರಸ್ಸಿನಿಂದ ಬರುವಂಥದು. ಈ ರೋಗಿಗಳು ಸಾಮಾನ್ಯವಾಗಿ ವಯಸ್ಸಿನಲ್ಲಿ ಸ್ವಲ್ಪ ಕಿರಿಯರು. 2010ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ವೈರಸ್ಸಿನಿಂದ ರೋಗ ಬಂದವರಲ್ಲಿ ಮೂರು ವರ್ಷಗಳ ಬಳಿಕ ನೂರಕ್ಕೆ 82 ಮಂದಿ ಬದುಕಿದ್ದರು. ಉಳಿದವರಲ್ಲಿ ನೂರಕ್ಕೆ 57 ಮಂದಿ ಮಾತ್ರ. ಹೊರನೋಟಕ್ಕೆ ಎಳೆಯ ವಯಸ್ಸು ಕಾಪಾಡಿದಂತೆ ಕಂಡರೂ, ಬಹುಪಾಲು ಕಾಪಾಡಿದ್ದು ರೋಗದ ಬೇರೆಯ ಸ್ವಭಾವ.

ವಯಸ್ಸಿಗಿಂತಲೂ ಬಲವಾಗಿ ಉಳಿವನ್ನು ನಿರ್ಧರಿಸುವ ಸಂಗತಿ ಒಂದಿದೆ. ಅದು ರೋಗದ ಹಂತ. ಗಂತಿ ಚಿಕ್ಕದಾಗಿದ್ದು ಕೊರಳಿನ ಗ್ರಂಥಿಗಳಿಗೆ ಹರಡದೆ ಇರುವಾಗ ಚಿಕಿತ್ಸೆಯಾದರೆ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಈ ರೋಗಕ್ಕೆಂದೇ ಹುಟ್ಟಿದಂತಿದೆ. ಬಾಯಿಯಂತೂ ಕಣ್ಣಿಗೆ ಕಾಣುವ ಅಂಗ. ಒಂದು ದೀಪವಿದ್ದರೆ ನೋಡಬಹುದು. 1990ರ ದಶಕದ ಮಧ್ಯಭಾಗದಲ್ಲಿ ಕೇರಳದ ತಿರುವನಂತಪುರದ ಸುತ್ತಮುತ್ತ ಆರಂಭವಾದ ಪ್ರಯೋಗವೊಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, 35 ವರ್ಷ ದಾಟಿದವರ ಬಾಯಿಯನ್ನು ಪರೀಕ್ಷಿಸಿದರು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ನೂರಕ್ಕೆ 34ರಷ್ಟು ತಗ್ಗಿತ್ತು. ಇದಕ್ಕಾಗಿ ಬಳಸಿದ್ದು ಬರಿಗಣ್ಣಿನ ನೋಟವನ್ನು ಮಾತ್ರ.

ನಮ್ಮ ದೇಶದಲ್ಲಿ ವಯಸ್ಸಿನ ಪ್ರಶ್ನೆಗೆ ಇನ್ನೊಂದು ಮುಖವಿದೆ. ಭಾರತದ ಪುರುಷರಿಗೆ ಬರುವ ಕ್ಯಾನ್ಸರುಗಳಲ್ಲಿ ಬಾಯಿಯದು ಮುಂಚೂಣಿಯಲ್ಲಿದೆ. ಪಾಶ್ಚಾತ್ಯ ದೇಶಗಳಲ್ಲಿ ಬಹುಮಟ್ಟಿಗೆ ಅರುವತ್ತರ ಆಸುಪಾಸಿನಲ್ಲಿ ಬರುವ ಈ ರೋಗ, ಇಲ್ಲಿ ನಲವತ್ತು ಐವತ್ತರ ಹರವಿನಲ್ಲಿಯೇ ಅನೇಕರನ್ನು ಹಿಡಿಯುತ್ತದೆ. ಅಂದರೆ ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ, ಸಂಸಾರದ ನೊಗ ಹೆಗಲ ಮೇಲಿರುವಾಗ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾಗಳು ಜೀವಕೋಶವನ್ನು ಕೆಡಿಸುವುದಕ್ಕೆ ವರ್ಷಗಟ್ಟಲೆ ಕಾಲ ಬೇಕು. ಹದಿನೈದರಲ್ಲಿ ಚಟ ಹಿಡಿದ ಹುಡುಗನು ನಲವತ್ತನ್ನು ಮುಟ್ಟುವ ಹೊತ್ತಿಗೆ ಇಪ್ಪತ್ತೈದು ವರ್ಷಗಳ ವಿಷವನ್ನು ಉಂಡಿರುತ್ತಾನೆ. ರೋಗ ಬರುವ ವಯಸ್ಸು ಹೀಗೆ ಚಟ ಆರಂಭವಾದ ವಯಸ್ಸಿಗೆ ಗಂಟುಬಿದ್ದಿದೆ.

ಅಡಿಕೆಯ ಮಾತನ್ನೂ ಇಲ್ಲಿ ಹೇಳದೆ ಬಿಡುವಂತಿಲ್ಲ. ಮಲೆನಾಡು ಕರಾವಳಿಗಳ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಬೆಳೆ ಅದು. ಮಂಗಳ ಕಾರ್ಯಗಳಲ್ಲಿ ತಾಂಬೂಲಕ್ಕೆ ಗೌರವದ ಸ್ಥಾನವಿದೆ. ಆದರೂ ತಂಬಾಕು ಬೆರೆಸದ ಅಡಿಕೆಯನ್ನು ಜಗಿಯುವುದರಿಂದಲೂ ಕ್ಯಾನ್ಸರ್ ಉಂಟಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿತು. ಅಡಿಕೆಯನ್ನು ಸದಾ ಜಗಿಯುವವರ ಕೆನ್ನೆಯ ಒಳಪದರವು ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ಸ್ಥಿತಿ ಬರುವುದುಂಟು. ಅದು ಮುಂದೆ ಏಡಿಗಂತಿಗೆ ತಿರುಗಬಹುದು. ಸತ್ಯವು ಅಹಿತವಾದಾಗಲೂ ಸತ್ಯವೇ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಕಾಯಿದೆ ಅಂಗಡಿಯ ಬಾಗಿಲಿನವರೆಗೆ ಮಾತ್ರ ಹೋಗಬಲ್ಲುದು. ಬಾಯಿಯ ಬಾಗಿಲನ್ನು ಕಾಯಬೇಕಾದವನು ಮನುಷ್ಯನೇ.

ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಹುಕಾಲ ಒಡೆದೇ ಇರುವ ದನಿ, ಕೊರಳಿನ ಗಂಟು, ನುಂಗುವಾಗ ನೋವು – ಇವುಗಳಲ್ಲಿ ಯಾವುದು ಕಂಡರೂ ವೈದ್ಯರ ಬಳಿಗೆ ಹೋಗತಕ್ಕದ್ದು. ಎಲ್ಲ ಹುಣ್ಣೂ ಏಡಿಗಂತಿಯಲ್ಲ. ಹೆಚ್ಚಿನವು ತಾವಾಗಿಯೇ ಮಾಯುತ್ತವೆ. ಆದರೆ ಅಜ್ಜನು ಹುಣ್ಣನ್ನು ಕಟ್ಟಿಸಿದ ಹಲ್ಲಿನ ಮೇಲೆ ಹಾಕಿ ಸುಮ್ಮನಾಗುತ್ತಾನೆ. ಮಗನು ಕೆಲಸದ ಗಡಿಬಿಡಿಯಲ್ಲಿ ಮರೆಯುತ್ತಾನೆ. "ಇದು ಬಂದು ಎಷ್ಟು ದಿನವಾಯಿತು?" ಎಂದು ಕೇಳುವ ಒಬ್ಬರು ಆ ಮನೆಯಲ್ಲಿರಬೇಕು. ಅವರು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಆಗಿರಬಹುದು. ಹುಟ್ಟಿದ ವರ್ಷವನ್ನು ಯಾರೂ ತಿದ್ದಲಾರರು. ಆಸ್ಪತ್ರೆಗೆ ಹೋಗುವ ದಿನವನ್ನು ಮಾತ್ರ ಹಿಂದಕ್ಕೆ ತರಬಹುದು. ರೋಗಿಯ ಉಳಿವಿನ ಲೆಕ್ಕದಲ್ಲಿ ಆ ದಿನಗಳಿಗೆ ಬಹಳ ಬೆಲೆಯಿದೆ.

ಅಭ್ಯಾಸ

1. ಯಾವ ಯಾವ ಅಂಗಗಳಲ್ಲಿ ಹುಟ್ಟುವ ಗಂತಿಗಳನ್ನು ತಲೆ ಮತ್ತು ಕೊರಳಿನ ಕ್ಯಾನ್ಸರ್ ಎಂದು ಕರೆಯುತ್ತಾರೆ?
2. ಫ್ರೆಡರಿಕ್ ಮತ್ತು ಫ್ರಾಯ್ಡ್ ಇವರ ಕಾಯಿಲೆಯ ಕಥೆಗಳನ್ನು ಹೋಲಿಸಿ, ಅವುಗಳಿಂದ ಏನು ತಿಳಿಯುತ್ತದೆ ಎಂಬುದನ್ನು ಬರೆಯಿರಿ.
3. ಸಾಪೇಕ್ಷ ಉಳಿವು ಎಂದರೇನು? ಪಾಠದಲ್ಲಿರುವ ಉದಾಹರಣೆಯಿಂದ ವಿವರಿಸಿರಿ.
4. ವಯಸ್ಸಾದವರಲ್ಲಿ ಉಳಿವಿನ ಪ್ರಮಾಣ ತಗ್ಗುವುದಕ್ಕೆ ಮೂರು ಕಾರಣಗಳಾವುವು?
5. "ಪಂಚಾಂಗದ ವಯಸ್ಸು ಬೇರೆ, ಮೈಯ ವಯಸ್ಸು ಬೇರೆ." – ಈ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿರಿ.
6. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಈ ರೋಗಕ್ಕೆ ಹೇಗೆ ಒಪ್ಪುತ್ತದೆ?